ಹಳಸಿದ ಬೈಸಲ್ಫೈಟ್

ಸೋಮಾರಿತನಕ್ಕೆ ‘ಪ್ಲಾನಿಂಗ್’ ಎಂದು ಹೆಸರಿಟ್ಟುಕೊಂಡು ಬದುಕುವ ಜಾಣರಲ್ಲಿ ನಾನೂ ಒಬ್ಬ. ಭಾನುವಾರ ಕುದಿಸಿದ ಹುಳಿಯನ್ನು ಗುರುವಾರದವರೆಗೆ ಎಳೆಯುವುದು, ವಾರದ ಶರ್ಟುಗಳನ್ನೆಲ್ಲ ಒಂದೇ ಸಲ ಇಸ್ತ್ರಿ ಮಾಡಿ ಹಾಯಾಗಿರುವುದು, ಇವೆಲ್ಲ ಮೆಲ್ಬರ್ನ್ ಅಂಚಿನ ಟಾರ್ನೀಟ್ ಬಡಾವಣೆಯ ನಮ್ಮ ಮನೆಯಲ್ಲಿ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಹೆಂಡತಿ ಮಾತ್ರ ಬುಧವಾರದಿಂದಾಚೆಗೆ ಮೊಸರನ್ನಕ್ಕೆ ಇಳಿಯುತ್ತಿದ್ದಳು. ಅದು ಅವಳ ರುಚಿ ಎಂದುಕೊಂಡಿದ್ದೆ. ಈ ಅಭ್ಯಾಸವನ್ನು ಲ್ಯಾಬಿಗೂ ಒಯ್ದೆ. ಅಲ್ಲಿಂದ ಶುರುವಾಯಿತು.

ಆಗ ನಾನು ಮೆಲ್ಬರ್ನಿನ ಒಂದು ಕ್ಯಾನ್ಸರ್ ಸಂಶೋಧನಾ ಲ್ಯಾಬಿನಲ್ಲಿ ಸಹಾಯಕ. ಕೆಲಸ ಸರಳವಾಗಿ ಹೇಳಬಹುದಾದದ್ದೇ. ಡಿಎನ್‌ಎಯಲ್ಲಿ ಎ, ಸಿ, ಜಿ, ಟಿ ಎಂಬ ನಾಲ್ಕು ಅಕ್ಷರಗಳು. ಕೆಲವು ಸಿಗಳ ಮೇಲೆ ಮೀಥೈಲ್ ಎಂಬ ಪುಟ್ಟ ಗುರುತು ಕೂತಿರುತ್ತದೆ. ಜೀನಿನ ಆರಂಭದಲ್ಲಿ ಈ ಗುರುತುಗಳು ಗುಂಪುಗೂಡಿದರೆ ಆ ಜೀನು ಬಾಯಿ ಮುಚ್ಚಿಕೊಳ್ಳುತ್ತದೆ. ಕ್ಯಾನ್ಸರನ್ನು ತಡೆಯಬೇಕಾದ ಜೀನೇ ಬಾಯಿ ಮುಚ್ಚಿದರೆ ಕಷ್ಟ. ಆದರೆ ಅಕ್ಷರ ಓದುವ ಯಂತ್ರಕ್ಕೆ ಈ ಗುರುತು ಕಾಣುವುದಿಲ್ಲ. ಅದಕ್ಕೇ ಡಿಎನ್‌ಎಯನ್ನು ಬೈಸಲ್ಫೈಟ್ ದ್ರಾವಣದಲ್ಲಿ ಬಿಸಿಯಾಗಿ ನೆನೆಹಾಕುತ್ತೇವೆ. ಗುರುತಿಲ್ಲದ ಸಿಗಳು ಬದಲಾಗಿ ಯಂತ್ರದ ಕಣ್ಣಿಗೆ ಟಿ ಆಗುತ್ತವೆ. ಗುರುತಿರುವವು ಸಿ ಆಗಿಯೇ ಉಳಿಯುತ್ತವೆ.

ಒಂದೇ ಷರತ್ತು, ದ್ರಾವಣವನ್ನು ಪ್ರತಿ ಸಲ ಹೊಸದಾಗಿ ಕಲಸಬೇಕು. ಗಾಳಿಗೆ ಅದರ ಶಕ್ತಿ ಇಳಿದುಹೋಗುತ್ತದೆ. ಕಲಸುವುದೋ ರಗಳೆಯ ಕೆಲಸ, ಜೊತೆಗೆ ಸುಟ್ಟ ಬೆಂಕಿಕಡ್ಡಿಯ ವಾಸನೆ. ನಾನು ಒಂದು ಸೋಮವಾರ ದೊಡ್ಡ ಬಾಟಲಿಯ ತುಂಬ ಕಲಸಿಟ್ಟು ನಿಶ್ಚಿಂತನಾದೆ. ಗುರುತೇ ಇಲ್ಲದ ಡಿಎನ್‌ಎಯನ್ನು ‘ಕಂಟ್ರೋಲ್’ ಎಂದು ಜೊತೆಗಿಟ್ಟು, ದ್ರಾವಣ ಕೆಲಸ ಮಾಡಿದೆಯೇ ಎಂದು ನೋಡುವ ಪದ್ಧತಿಯಿತ್ತು. ಅದು ಪ್ರತಿ ಸಲವೂ ಸರಿಯಾಗಿಯೇ ಬರುತ್ತಿದ್ದುದರಿಂದ ಅದನ್ನೂ ಬಿಟ್ಟೆ.

ಮೂರನೆಯ ವಾರ ಸಿಡ್ನಿಯಿಂದ ಹನ್ನೆರಡು ರೋಗಿಗಳ ಸ್ಯಾಂಪಲ್ ಬಂತು. ಒಂದೊಂದರಲ್ಲೂ ಎರಡು ಸಲಕ್ಕಾಗುವಷ್ಟೇ ಡಿಎನ್‌ಎ. ನೆನೆಹಾಕಿ, ಓದಿಸಲು ಸಿಡ್ನಿಗೇ ಕಳಿಸಿದೆ. ಉತ್ತರ ನೋಡಿ ಕುರ್ಚಿಯಿಂದ ಎದ್ದುಬಿಟ್ಟೆ. ಹನ್ನೆರಡರಲ್ಲೂ ಸಿಗಳ ಸಾಲು! ಅಂದರೆ ಕ್ಯಾನ್ಸರ್ ತಡೆಯುವ ಜೀನು ಹನ್ನೆರಡೂ ಜನರಲ್ಲಿ ಬಾಯಿ ಮುಚ್ಚಿದೆ. ನಮ್ಮ ಲ್ಯಾಬಿನ ಮುಖ್ಯಸ್ಥೆ ಹೆಲೆನ್ ಹೊಗಳಿಕೆಯಲ್ಲಿ ಬಲು ಜಿಪುಣೆ. ಆಕೆಯೂ ಎರಡು ಸಲ ನೋಡಿ, ಮುಂದಿನ ವಾರ ಸಿಡ್ನಿಯ ಮೀಟಿಂಗಿನಲ್ಲಿ ಇದನ್ನೇ ತೋರಿಸುತ್ತೇನೆ, ಅಲ್ಲಿನ ಡಾಕ್ಟರುಗಳು ಇನ್ನಷ್ಟು ರೋಗಿಗಳಲ್ಲಿ ಹುಡುಕಲಿ ಎಂದರು. ಆ ಸಂಜೆ ಮನೆಯಲ್ಲಿ ಪಾಯಸ. ಊರಾದ ಮೈಸೂರಿಗೆ ಫೋನು.

ಮರುದಿನ ಸರೋಜಕ್ಕನ ಫೋನ್ ಬಂತು. ಬೆಳಗಾವಿಯವರು, ಸಿಡ್ನಿಯಲ್ಲಿ ಆ ಓದುವ ಯಂತ್ರ ನಡೆಸುವವರು. ಟ್ಯೂಬಿನ ಮೇಲಿನ ಹೆಸರಿನಿಂದ ನನ್ನನ್ನು ಕನ್ನಡದವನೆಂದು ಗುರುತಿಸಿದ ದಿನದಿಂದ ನಾನು ಅವರಿಗೆ ‘ತಮ್ಮಾ’.

“ತಮ್ಮಾ, ನಿನ್ನ ರಿಸಲ್ಟ್ ಮತ್ತೊಮ್ಮಿ ನೋಡಿದೆ. ಮುಂದ ಜಿ ಇರೋ ಸಿ ಉಳದಾವ, ಇರ್ಲಿ. ಮುಂದ ಎ, ಟಿ ಇರೋ ಸಿ ಸುದ್ದಾ ಯಾಕ ಉಳದಾವ?”

ಇಂಥ ಸ್ಯಾಂಪಲ್‌ಗಳಲ್ಲಿ ಗುರುತು ಕೂರುವುದು ಹೆಚ್ಚುಕಡಿಮೆ ಜಿಯ ಹಿಂದಿನ ಸಿ ಮೇಲೆ ಮಾತ್ರ. ಬೇರೆ ಕಡೆಯೂ ಸಿ ಉಳಿದಿದೆಯೆಂದರೆ ದ್ರಾವಣ ಕೆಲಸ ಮಾಡಿಲ್ಲ ಎಂದೇ ಅರ್ಥ. ಇದನ್ನು ನಾನೇ ಎಷ್ಟೋ ವಿದ್ಯಾರ್ಥಿಗಳಿಗೆ ಗತ್ತಿನಿಂದ ಹೇಳಿಕೊಟ್ಟಿದ್ದೆ.

“ಹೊಸ ವಿಷಯ ಇರಬಹುದೇನೋ ಅಕ್ಕಾ,” ಎಂದೆ.

“ಹನ್ನೆರಡೂ ಮಂದಿಗೆ ಒಮ್ಮೆಲೇ ಹೊಸ ವಿಷಯ ಆಗೂದಿಲ್ಲೋ. ಕಂಟ್ರೋಲ್ ಹಾಕಿದ್ಯೇನು?”

“ಈ ಸಲ ಹಾಕಿಲ್ಲ.”

“ಬೈಸಲ್ಫೈಟ್ ಯಾವಾಗ ಮಾಡಿದ್ದು?”

“ಈಚೆಗೇ.”

“ಈಚೆಗೆ ಅಂದ್ರ?”

“ಮೂರು ವಾರ ಆಗಿರಬಹುದು.”

“ನಾ ಯಾರಿಗೂ ಹೇಳೂದಿಲ್ಲ. ನೀನ ಹೋಗಿ ಹೇಳು. ಇವತ್ತ ಹೇಳು.”

ಹೆಲೆನ್ ರೂಮಿನ ಬಾಗಿಲಿನವರೆಗೆ ಎರಡು ಸಲ ಹೋಗಿ, ಬೇಡದ ಕಾಫಿ ತಂದುಕೊಂಡು ಹಿಂತಿರುಗಿದೆ. ಮೂರನೆಯ ಸಲ ಆಕೆಯೇ ಒಳಗೆ ಕರೆದರು. ಬಾಟಲಿಯ ವಿಷಯ, ಕಂಟ್ರೋಲಿನ ವಿಷಯ ಎರಡನ್ನೂ ಹೇಳಿದೆ. ಆಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಸ್ಯಾಂಪಲ್ ಎಷ್ಟು ಉಳಿದಿದೆ?” ಎಂದು ಕೇಳಿದರು. ಇನ್ನೊಂದು ಸಲಕ್ಕೆ ಸಾಕು ಎಂದೆ. “ಹಾಗಾದರೆ ಇನ್ನೊಂದೇ ಸಲ ಮಾಡು.” ಅಷ್ಟೇ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದೇ ಬಾಟಲಿ ಚೆಲ್ಲಿ ಹೊಸದಾಗಿ ಕಲಸಿದೆ. ಒಂದು ಸಾಲದೆಂದು ಎರಡು ಕಂಟ್ರೋಲ್ ಇಟ್ಟೆ. ಪಿಪೆಟ್ಟಿನಿಂದ ಅಳೆದು ಹಾಕಿದ ಪ್ರತಿ ಹನಿಗೂ ಕಾಗದದ ಮೇಲೆ ಟಿಕ್ ಹಾಕಿಕೊಂಡೆ. ತಪ್ಪಿದರೆ ಆ ಹನ್ನೆರಡು ಜನರನ್ನು ಮತ್ತೆ ಸೂಜಿ ಚುಚ್ಚಿಸಿಕೊಳ್ಳಿ ಎಂದು ಕೇಳಲು ನನಗೇನು ಮುಖವಿತ್ತು? ಸರೋಜಕ್ಕ ತಮ್ಮ ಸರದಿಯಲ್ಲಿ ನಮ್ಮದನ್ನೇ ಮೊದಲು ಓದಿಸಿದರು. ಈ ಸಲ ಕಂಟ್ರೋಲ್ ಸರಿಯಾಗಿತ್ತು. ಹನ್ನೊಂದು ಜನರಲ್ಲಿ ಜೀನು ಬಾಯಿ ಮುಚ್ಚಿರಲೇ ಇಲ್ಲ, ಒಬ್ಬರಲ್ಲಿ ಮಾತ್ರ ಮುಚ್ಚಿತ್ತು. ನಮ್ಮ ಮಹಾಶೋಧ ಅಲ್ಲಿಗೆ ಮುಗಿಯಿತು.

ಹೆಲೆನ್ ಸಿಡ್ನಿಗೆ ಹೋಗಿ ಎರಡೂ ಉತ್ತರಗಳನ್ನು ಅಕ್ಕಪಕ್ಕ ತೋರಿಸಿ, ಇನ್ನಷ್ಟು ರೋಗಿಗಳನ್ನು ಪರೀಕ್ಷಿಸುವ ಅಗತ್ಯವಿಲ್ಲ ಎಂದರಂತೆ. ನನ್ನ ಹೆಸರು ಹೇಳಲಿಲ್ಲವಂತೆ. ಆ ಕೊರತೆಯನ್ನು ತುಂಬಿದವರು ಅದೇ ಮೀಟಿಂಗಿನಲ್ಲಿದ್ದ ಸರೋಜಕ್ಕ.

“ಮಂದಿ ನಕ್ಕರು ತಮ್ಮಾ. ಆಮ್ಯಾಲ ಚಾ ಕುಡಿಯೋ ಮುಂದ ಮೂರು ಮಂದಿ ಮೆಲ್ಲಕ ಬಂದು, ಬಾಟಲಿ ಹಳೇದಾಗೇತಿ ಅಂತ ಹೆಂಗ ಗೊತ್ತಾಗ್ತೇತಿ ಅಂತ ಕೇಳಿದ್ರು. ನಿನ್ನ ನಂಬರ್ ಕೊಟ್ಟೀನಿ. ನಿನಗ ಅನುಭವ ಐತಲ್ಲ.”

ಮೂವರೂ ಫೋನ್ ಮಾಡಿದರು. ಅವರು ಇನ್ನಿಬ್ಬರಿಗೆ ನಂಬರ್ ಕೊಟ್ಟರು. ಅಂದಿನಿಂದ ಎರಡೂ ಊರುಗಳಲ್ಲಿ ಯಾರ ಬೈಸಲ್ಫೈಟ್ ಕೈಕೊಟ್ಟರೂ ನಾನೇ ತಜ್ಞ. ಆಮೇಲೆ ಎಷ್ಟೋ ವರ್ಷ ಒಂದು ತಪ್ಪಿಲ್ಲದೆ ಪ್ರಯೋಗಗಳನ್ನು ಮಾಡಿದ್ದೇನೆ. ಅದು ಹೇಗೆ ಎಂದು ಕೇಳಿ ಇದುವರೆಗೆ ಒಂದು ಫೋನೂ ಬಂದಿಲ್ಲ.