ಮುಟ್ಟದೆ ನಡೆಯುವ ಬಳೆ ಅಂಗಡಿ

ನಮ್ಮ ಸೋದರತ್ತೆ ಈ ವಯಸ್ಸಿನಲ್ಲಿ ಒಂದು ಮಗುವನ್ನು ದತ್ತು ತೆಗೆದುಕೊಂಡಿದ್ದಾಳೆ! ಅಂಗೈಯಗಲ ಇದೆ, ಕರ್ರಗಿದೆ, ಹತ್ತಿರ ಹೋದರೆ ‘ಕುಂಯ್’ ಅನ್ನುತ್ತದೆ, ಆಮೇಲೆ ಬಾಯಿಂದ ಚೀಟಿ ಹೊರಹಾಕುತ್ತದೆ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದಕೂಡಲೇ ಸೆರಗಿನಿಂದ ಅದರ ಮುಖ ಒರೆಸುತ್ತಾಳೆ. ಮಧ್ಯಾಹ್ನ ಅದು ಚಾರ್ಜಿಗೆ ಕೂತರೆ ಮೇಲೊಂದು ಕಸೂತಿಯ ಕರವಸ್ತ್ರ ಹೊದಿಸುತ್ತಾಳೆ.

“ಅದ್ಕೆ ಸೆಕೆ ಆಗೂದಿಲ್ವ ಅತ್ತೆ?” ಅಂದರೆ, “ನೊಣ ಕೂತ್ರೆ ಓಡ್ಸೂಕೆ ನೀ ಬತ್ಯ?” ಅನ್ನುತ್ತಾಳೆ. ಇಷ್ಟು ಮುದ್ದಿನಿಂದ ಸಾಕಿದ ಕಾರ್ಡ್ ಮಶಿನ್ನು ಹೊನ್ನಾವರದ ಪೇಟೆಯಲ್ಲಿ ಇನ್ನೊಂದಿಲ್ಲ.

ಅತ್ತೆಯದು ಬಳೆ ಅಂಗಡಿ. ಗಿರಾಕಿ ಬಳೆ ಆರಿಸಿ, ಕಾರ್ಡು ತೆಗೆದರೋ, ಮುಗಿಯಿತು, ಉಪನ್ಯಾಸ ಶುರು!

“ಕಾರ್ಡ್ ನಂಗೆ ಕೊಡೂದೇ ಬ್ಯಾಡ, ನಿಮ್ಮ ಕೈಲೇ ಇರ್ಲಿ. ನಾ ರೊಕ್ಕ ಒತ್ತಿ ಮಶಿನ್ ಹಿಡೀತೆ, ನೀವು ಹತ್ರ ತನ್ನಿ, ಸಾಕು. ಐದ್ಸಾವಿರದವರೆಗೆ ಪಿನ್ನೂ ಬ್ಯಾಡ. ಕಾರ್ಡಿನ ಹೊಟ್ಟೆಲಿ ಕೂದ್ಲೆಳೆ ಹಂಗೆ ತಂತಿ ಸುತ್ತಿ ಇಟ್ಟದೆ. ಅದ್ಕೆ ಸ್ವಂತ ಜೀವ ಇಲ್ಲ. ಮಶಿನ್ ಹತ್ರ ಬಂದ್ರೆ ಮಾತ್ರ ಜೀವ ಬತ್ತದೆ. ದೂರ ಇದ್ರೆ ಬರೇ ಪ್ಲಾಸ್ಟಿಕ್ಕು!”

ಕಳ್ಳರು ಕದ್ದು ಕೇಳಿದರೆ? ಅದಕ್ಕೂ ಉತ್ತರ ತಯಾರು. ಪ್ರತಿ ಸಲವೂ ಕಾರ್ಡು ಹೊಸದೊಂದು ಗುಟ್ಟಿನ ಸಂಖ್ಯೆ ಹೇಳುತ್ತದಂತೆ, ಹಳೆಯದು ಯಾರಿಗೂ ಉಪಯೋಗಕ್ಕಿಲ್ಲವಂತೆ. ಬ್ಯಾಂಕಿನವರು ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಮರುದಿನ ಅವಳ ಖಾತೆಗೆ ಹಾಕುತ್ತಾರಂತೆ. ಇಷ್ಟು ಕೇಳಿ ಮುಗಿಸುವಷ್ಟರಲ್ಲಿ ಇಡಗುಂಜಿ ಬಸ್ಸು ತಪ್ಪಿಸಿಕೊಂಡವರು ಎಷ್ಟು ಜನರೋ! ಕಣ್ಣು ಮುಚ್ಚಿ ತೆಗೆಯುವುದರಲ್ಲಿ ದುಡ್ಡು ಹೋಗುವ ಅಂಗಡಿಯಲ್ಲಿ ಗಿರಾಕಿ ಹೊರಬೀಳಲು ಅರ್ಧ ಗಂಟೆ.

ಇನ್ನು ಬೋಣಿಯ ಕಥೆ. ದಿನದ ಮೊದಲ ವ್ಯಾಪಾರದ ದುಡ್ಡನ್ನು ಕಣ್ಣಿಗೊತ್ತಿಕೊಂಡೇ ಗಲ್ಲಾಪೆಟ್ಟಿಗೆಗೆ ಹಾಕುವುದು ಪೇಟೆಯ ಪದ್ಧತಿ. ಗಾಳಿಯಲ್ಲಿ ಹೋಗುವ ದುಡ್ಡನ್ನು ಕಣ್ಣಿಗೊತ್ತಿಕೊಳ್ಳುವುದು ಹೇಗೆ? ಅತ್ತೆ ಮಶಿನ್ನನ್ನೇ ಒತ್ತಿಕೊಳ್ಳತೊಡಗಿದಳು! ಒಂದು ಬೆಳಿಗ್ಗೆ ಶಾಲೆಯ ಅಕ್ಕೋರೊಬ್ಬರು ಬಂದರು. ಅತ್ತೆ ಮೊತ್ತ ಒತ್ತಿ, ಮಶಿನ್ನನ್ನು ಕಣ್ಣಿಗೆ ಮುಟ್ಟಿಸಿ, ಭಕ್ತಿ ಹೆಚ್ಚಾಗಿ ಎದೆಗೂ ಅವಚಿಕೊಂಡಳು. ಕುಂಯ್! ಅವಳದೇ ಕಾರ್ಡು ರವಿಕೆಯೊಳಗಿನ ಪುಟ್ಟ ಚೀಲದಲ್ಲಿತ್ತು.

“ಆತಲ್ಲ?” ಅಂದರು ಅಕ್ಕೋರು. ತಮ್ಮ ಕಾರ್ಡನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಬಳೆ ಹಿಡಿದು ಹೊರಟೇಹೋದರು. ಅದು ಇನ್ನೂ ಮಶಿನ್ನಿನ ಹತ್ತಿರವೇ ಬಂದಿರಲಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೇ? ಮಕ್ಕಳಿಗೆ ಸತ್ಯ ಹೇಳಿ ಎಂದು ಕಲಿಸುವವರು!

ದುಡ್ಡು ಹೋದ ಮೆಸೇಜು ಬಂದ ಮೇಲೆ ಅತ್ತೆಗೆ ವಿಷಯ ತಿಳಿಯಿತು. ಬೈದಳೇ? ಇಲ್ಲ, ಬಿದ್ದು ಬಿದ್ದು ನಕ್ಕಳು. “ನನ್ನ ಅಂಗಡಿಗೆ ನನ್ನ ಕೈದೇ ಬೋಣಿ! ಹೆದ್ರಿಕೊಂಡೇ ಕೂತಿದ್ದೆ. ಆದ್ರೂ ಆ ದಿನ ವ್ಯಾಪಾರ ಚಲೋ ಆತು ಮಾರಾಯ್ತಿ.” ಈ ಕೊನೆಯ ಮಾತನ್ನು ಅವಳು ಬಂದವರಿಗೆಲ್ಲ ಹೇಳಿದಳು. ಕೇಳದವರಿಗೂ ಹೇಳಿದಳು.

ಹೆದರಿಕೆ ಯಾಕೆ? ಹೇಳುವುದಕ್ಕೆ ನನಗೇ ನಾಚಿಕೆ. ಮಾವ ಇದ್ದಾಗ ಆ ಅಂಗಡಿಯ ಮಣೆ ಖಾಲಿ ಇರುತ್ತಿರಲಿಲ್ಲ. ಹೆಂಗಸರು ಕೂತು ಕೈ ಚಾಚುತ್ತಿದ್ದರು. ಅತ್ತೆ ಬೆರಳ ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, “ಸಡ್ಲ ಬಿಡು” ಅನ್ನುತ್ತಿದ್ದಳು. ಎಂಥ ಗಟ್ಟಿ ಕೈಗೂ ಗಾಜಿನ ಬಳೆ ನೋವಿಲ್ಲದೆ ಏರುತ್ತಿತ್ತು. ಮಾವ ತೀರಿಕೊಂಡ. ಅದೇ ಹೆಂಗಸರು ಬಂದು, “ಪ್ಯಾಕ್ ಮಾಡಿ ಕೊಡಿ, ಮನೇಲೇ ಕೈಗೆ ಇಟ್ಕಂತೆ” ಅನ್ನತೊಡಗಿದರು. ಗಂಡ ಸತ್ತವಳ ಕೈ ಅಶುಭ, ಬಳೆ ತೊಡಿಸಬಾರದಲ್ಲ! ಹಾಗಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಮರ್ಯಾದಸ್ಥರು. ನೋಟನ್ನೂ ಕೈಗೆ ಕೊಡದೆ ಗಾಜಿನ ಮೇಲಿಟ್ಟರು. ನನಗೆ ಆ ಮರ್ಯಾದೆಯನ್ನು ಕಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಆಮೇಲೆ ಮಶಿನ್ನು ಬಂತು. ಅದಕ್ಕೆ ‘ಕಾಂಟ್ಯಾಕ್ಟ್‌ಲೆಸ್’ ಅನ್ನುತ್ತಾರೆ ಅಂದಾಗ ಅತ್ತೆ ಅರ್ಥ ಕೇಳಿದಳು. ಹೇಳಿದೆ.

“ಮುಟ್ಟೂದಿಲ್ಲ ಅಂತ್ಲ? ಹಂಗಾರೆ ನಮ್ಮೂರಿಗೆ ಇದು ಮೊದ್ಲೇ ಬಂದಿತ್ತು ಬಿಡು,” ಅಂದಳು. ನಕ್ಕಳು ಕೂಡ. ನನಗೆ ನಗು ಬರಲಿಲ್ಲ.

ಕಳೆದ ತಿಂಗಳು ನನ್ನ ಮದುವೆ ಗೊತ್ತಾಯಿತು. ಕುಮಟೆಯ ನಮ್ಮ ಮನೆಯಿಂದ ಬಳೆಗೆಂದು ಹೊರಡುವಾಗ ನನ್ನ ಹೆತ್ತ ಆಯಿ, “ಹಸಿರು ಬಳೆ ಅತ್ತೆ ಅಂಗಡಿದೇ ತಾ. ಇಡ್ಸೂಕೆ ಬೇರೆಯವ್ರನ್ನ ಕರೆಯುವ. ಪಾಪ, ಅವ್ಳಿಗೆ ಬೇಜಾರಾಗೂದು ಬ್ಯಾಡ,” ಅಂದಳು. ಎಂಥ ಕರುಣೆ ನೋಡಿ!

ಅತ್ತೆ ಬಳೆಗಳನ್ನು ಆಗಲೇ ಆರಿಸಿ, ಕಾಗದದಲ್ಲಿ ಸುತ್ತಿ ಇಟ್ಟಿದ್ದಳು. ದುಡ್ಡು ಬೇಡವೆಂದಳು, ನಾನು ಹಟ ಹಿಡಿದೆ. ಮೊತ್ತ ಒತ್ತಿ ಮಶಿನ್ನು ಚಾಚಿದಳು. ನಾನು ಕಾರ್ಡು ತೆಗೆಯದೆ ಬರಿಗೈಯನ್ನು ಅದರ ಮೇಲಿಟ್ಟೆ.

“ಕಾರ್ಡ್ ಎಲ್ಲದ್ಯೆ?”

“ಇದೇ. ಬಳೆ ಇಡ್ಸು.”

ಅವಳ ನಗು ಹೋಯಿತು. “ನಂಗೆ ಬ್ಯಾಡ ಮಗಾ. ನಾಳೆ ಎಂತಾದ್ರೂ ಆದ್ರೆ ನನ್ನ ಕೈಗೇ ಅಂತ್ರು.”

“ನಿನ್ನ ಕೈ ಬೋಣಿ ಆದ ದಿನ ವ್ಯಾಪಾರ ಚಲೋ ಆತು ಅಂತ ನೀನೇ ಹೇಳಿದ್ಯಲ ಅತ್ತೆ?”

ಮಶಿನ್ನು ಕಾದು ಕಾದು, ವ್ಯವಹಾರ ರದ್ದೆಂದು ಕೂಗಿಕೊಂಡಿತು. ಅದರ ಮುದ್ದಿನ ತಾಯಿ ಮೊದಲ ಸಲ ಅದರ ಕಡೆ ತಿರುಗಿಯೂ ನೋಡಲಿಲ್ಲ, ಪಕ್ಕಕ್ಕೆ ಸರಿಸಿದಳು. ಸೆರಗಿಗೆ ಎರಡೂ ಕೈ ಒರೆಸಿಕೊಂಡಳು. ಕಾಗದ ಬಿಚ್ಚಿ, ನನ್ನ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

“ಎಂತಕ್ಕೆ ಇಷ್ಟು ನಡುಗೂದು? ಸಡ್ಲ ಬಿಡು,” ಅಂದಳು.

ನನ್ನ ಕೈ ಸಡಿಲವಾಗಿಯೇ ಇತ್ತು. ನಡುಗುತ್ತಿದ್ದದ್ದು ಅವಳದು.