ಹತ್ತು ವರ್ಷ ಯಾರೂ ಕೇಳದ ಫೈಲು

ಈ ಸಲ ಜಯಂತಿಗೆ ನಮ್ಮ ಮನ್ಯಾಗ ಬೇಡಾದ್ದು ಅನ್ನೋದು ಒಂದು ಕಡ್ಡಿ ಸೈತ ಉಳೀಬಾರ್ದು ಅಂತ ನಾನು ಪಣ ತೊಟ್ಟೆ. ಬಾಬಾಸಾಹೇಬರ ಜಯಂತಿ ಬಂತಂದ್ರ ರಾಯಚೂರಿನ ನಮ್ಮ ಓಣ್ಯಾಗ ಮನಿಮನಿಗೂ ಸುಣ್ಣ, ಬಾಗಿಲಿಗೆ ಬಣ್ಣ. ನಾನು ಡಬ್ಬಿ ತಿಕ್ಕಿದೆ, ಅಟ್ಟ ಇಳಿಸಿದೆ, ಫ್ಯಾನಿನ ರೆಕ್ಕಿ ಒರಸಿದೆ. ಒರಸಿ ಒರಸಿ ಒರಸಾಕ ಏನೂ ಉಳೀದಾಗ ನನ್ನ ಕಣ್ಣು ಕಂಪ್ಯೂಟರಿನ ಮ್ಯಾಲ ಬಿತ್ತು. ಅಲ್ಲಿಗೆ ನಮ್ಮ ಮನಿ ದೆಸಿ ತಿರುಗಿತು ಅನ್ರಿ.

ಆ ಕಂಪ್ಯೂಟರ್ ನಮ್ಮ ಸೊಸಿ ವಿಶಾಖಾ ತವರುಮನಿಯಿಂದ ಬರೋ ಮುಂದ ತಂದಿದ್ದು. ಆಕಿ ಈಗ ಡಾಕ್ಟರ್ ಆಗಾಕತ್ತಾಳ. ಸೂಜಿ ಚುಚ್ಚೋ ಡಾಕ್ಟರ್ ಅಲ್ಲ, ಪ್ರಬಂಧ ಬರ್ಯೋ ಡಾಕ್ಟರ್. ಕಳೆ ತಗಿಯೋ ಮುಂದ ಹೆಣ್ಮಕ್ಕಳು ಹಾಡೋ ಹಾಡಿನ ಮ್ಯಾಲ ಬರ್ಯಾಕತ್ತಾಳ. ಅರಕೇರಾ, ಮಟಮಾರಿ ಎಲ್ಲಾ ತಿರುಗಿ, ಮುದುಕ್ಯಾರನ್ನ ಕುಂದ್ರಿಸಿ ಹಾಡಿಸಿ, ಬರಕೊಂಡು ಬಂದಾಳ. ಆ ಮುದುಕ್ಯಾರಾಗ ನಾನೂ ಒಬ್ಬಾಕಿ. ಜಯಂತಿ ಮುಗಿದ ವಾರದಾಗ ಪ್ರಬಂಧ ಒಪ್ಪಿಸಬೇಕು. ಇಲ್ಲಾಂದ್ರ ಇಷ್ಟು ವರ್ಷ ಕಷ್ಟಪಟ್ಟಿದ್ದೆಲ್ಲಾ ರದ್ದು. ಮೊದಲಿನ ಭಾಗ ಅಚ್ಚು ಹಾಕಿಸಿಕೊಂಡು ತನ್ನ ಗುರುಗಳಿಗೆ ತೋರಿಸಾಕ ಕಲಬುರಗಿಗೆ ಹೋಗಿದ್ಳು. ಕಡೀ ಭಾಗ ಮಾತ್ರ ಆ ಕಂಪ್ಯೂಟರಿನ ಹೊಟ್ಟ್ಯಾಗಷ್ಟೇ ಇತ್ತು. ಅದು ನನಗ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ನಾನು ಸಾಲಿಗೆ ಹೋದಾಕಿ ಅಲ್ಲ, ಎರಡನೇತ್ತಕ್ಕ ಬಿಟ್ಟೆ. ಆದ್ರ ಕಿವಿ ಚುರುಕು. ಸೊಸಿ ಟೈಪ್ ಮಾಡೋ ಮುಂದ ಬಾಜೂಕ ಕುಂತು ಬಳ್ಳೊಳ್ಳಿ ಸುಲೀತಾ ಎಲ್ಲಾ ಕೇಳಿಸ್ಕೊಂಡೀನಿ. "ತುಂಬೇದ ಅತ್ತಿ, ಅದಕ್ಕೇ ನಿಧಾನ" ಅಂತ ದಿನಾ ಅನ್ನಾಕಿ. ತುಂಬಿದ್ರ ಖಾಲಿ ಮಾಡಬೇಕು. ಇದಕ್ಕ ಸಾಲಿ ಯಾಕ ಬೇಕು?

ಇಂಗ್ಲಿಷ್ ಅಕ್ಷರ ಓದಾಕ ನಮ್ಮ ಯಜಮಾನರು ಇದ್ರು. ಅವರ ಹೆಸರು ಪಕೀರಪ್ಪ. ಮಾನ್ವ್ಯಾಗ ಸರ್ಕಾರಿ ಆಫೀಸಿನ ರೆಕಾರ್ಡ್ ರೂಮಿನ್ಯಾಗ ಜವಾನ ಆಗಿ ಸೇರಿ, ಜವಾನ ಆಗೇ ರಿಟೈರ್ ಆದವರು. ಫೈಲ್ ಅನ್ನೋ ಮಾತು ಕಿವಿಗೆ ಬಿದ್ರ ಸಾಕು, ಈಗ್ಲೂ ಅಂಗಿ ಗುಂಡಿ ಹಾಕ್ಕೊಂತಾರ. ಕಂಪ್ಯೂಟರ್ ತುಂಬ ಫೈಲ್ ಅದಾವ ಅಂದೆ. ಗುಂಡಿ ಹಾಕ್ಕೊಂಡು ಬಂದು ಕುಂತ್ರು.

ರೆಕಾರ್ಡ್ ರೂಮಿಗೆ ಒಂದು ಕಾನೂನು ಅದ. ಹತ್ತು ವರ್ಷ ಯಾರೂ ಕೇಳದ ಫೈಲು ರದ್ದಿ. ಆ ಕಾನೂನು ಕಂಪ್ಯೂಟರಿಗೂ ಹಾಕಿದ್ವಿ. ಅವರು ತಾರೀಖು ಓದ್ತಿದ್ರು, ನಾನು ತೀರ್ಪು ಕೊಡ್ತಿದ್ದೆ. ಹೊಸಾವು ಸೊಸಿವು, ಮುಟ್ಟಬ್ಯಾಡ್ರಿ ಅಂದೆ. ಹಳೇವು ಸಿಕ್ಕಿದ್ದು ಸಿಕ್ಕಂಗ ತಗದು ಹಾಕಿದ್ವಿ. ಹಂಗ ತಗೀತಾ ತಗೀತಾ ಒಂದು ಫೈಲ್ ಸಿಕ್ಕಿತು. ಬಣ್ಣ ಮಾಸಿ ಮಸುಕಾಗಿತ್ತು. ತಾರೀಖು ನಮ್ಮ ಅಂಬರೀಶ ಕಾಲೇಜಿನ್ಯಾಗ ಇದ್ದಾಗಿಂದು. ಯಜಮಾನರು ಕನ್ನಡಕ ಏರಿಸಿ ಹೆಸರು ಓದಿದ್ರು: "ಎನ್, ಟಿ, ಎಲ್, ಡಿ, ಆರ್."

"ಹಂಗಂದ್ರ?"

"ಎನ್. ಟಿ. ಅಂದ್ರ ಯಾವನೋ ಗುಮಾಸ್ತನ ಹೆಸರು. ಉಳಿದದ್ದು ಶಾಖೆ ಇರಬೇಕು. ಇದನ್ನ ತಗದ್ರ ಮಷೀನ್ ನಡೀಲಿಕ್ಕಿಲ್ಲ ಅಂತ ಒಂದು ಚೀಟಿ ಬ್ಯಾರೆ ಬಂದದ."

"ನಿಮ್ಮ ಆಫೀಸಿನ್ಯಾಗ ಎಲ್ಲಾ ಫೈಲಿಗೂ ಅಂಥಾ ಚೀಟಿ ಹಚ್ಚಿರ್ತಿದ್ರು ಅಂತ ನೀವೇ ಹೇಳೀರಲ್ಲ."

"ಹೌದು, ಅರ್ಜೆಂಟ್ ಅಂತ. ಹೆದರಸಾಕ ಹಚ್ಚತಿದ್ರು."

ತಗದ್ವಿ. ತಗದಿದ್ದೆಲ್ಲಾ ಪರದಿ ಮೂಲ್ಯಾಗಿನ ಕಸದ ಬುಟ್ಟ್ಯಾಗ ಹೋಗಿ ಕುಂತದ, ಬೇಕಂದ್ರ ಮತ್ತ ಹೊರಗ ತಗೀಬಹುದು ಅಂತ ಅವರು ಅಂದ್ರು. ಹಬ್ಬದ ಮುಂದ ಕಸ ಮನ್ಯಾಗ ಇಟ್ಕೊಳ್ಳೋ ಮನೆತನ ನಮ್ದಲ್ಲ. ಬುಟ್ಟಿನೂ ಖಾಲಿ ಮಾಡಸಿದೆ.

ಮರುದಿನ ಮುಂಜಾನಿ ಮಷೀನ್ ಎಷ್ಟು ಹಗುರಾಗಿ ಓಡ್ತದ ನೋಡೋಣು ಅಂತ ಚಾಲೂ ಮಾಡಿದ್ವಿ. ಕರೀ ಪರದಿ ಮ್ಯಾಲ ಬಿಳೀ ಅಕ್ಷರದಾಗ ಒಂದೇ ಸಾಲು ಬಂತು. ಯಜಮಾನರು ಓದಿದ್ರು. ಏನಂತದ ಅಂತ ನಾನು ಕೇಳಿದೆ.

"ಎನ್‌ಟಿಎಲ್‌ಡಿಆರ್ ಕಾಣವಲ್ದು ಅಂತದ."

ಇಷ್ಟು ವರ್ಷ ಯಾರೂ ಕೇಳದ ಫೈಲು, ತಗದ ಮರುದಿನ ಬೆಳಗಾಗೋದ್ರಾಗ ಮಷೀನ್ ಕೇಳಿತು!

"ರೆಕಾರ್ಡ್ ರೂಮಿನ್ಯಾಗೂ ಯಾವಾಗ್ಲೂ ಹಿಂಗೇ" ಅಂದ್ರು ಅವರು. "ರದ್ದಿಗೆ ಹಾಕಿದ ಮರುದಿನಾನೇ ಸಾಹೇಬ್ರು ಕೇಳ್ತಿದ್ರು."

"ಆಗ ಏನ್ ಮಾಡ್ತಿದ್ರಿ?"

"ರಜಾ ಹಾಕ್ತಿದ್ದೆ."

ಸೊಸಿಗೆ ರಜಾ ಹಾಕಾಕ ಬರಂಗಿಲ್ಲ. ಹೊತ್ತು ಮುಳುಗೋದ್ರಾಗ ಕಲಬುರಗಿಯಿಂದ ಬರಾಕಿ. ಅಷ್ಟರಾಗ ಸರಿ ಮಾಡಿ, ಏನೂ ಆಗೇ ಇಲ್ಲ ಅನ್ನೋಹಂಗ ಇಡಬೇಕು ಅಂತ ಇಬ್ಬರೂ ಮಾತಾಡ್ಕೊಂಡ್ವಿ. ಮಗ ಅಂಬರೀಶ ಮಾನ್ವ್ಯಾಗ ಮಾಸ್ತರ. ಅವನು ಮುಂಜಾನಿ ಬಸ್ಸಿಗೆ ಹೋಗಿದ್ದು ಛಲೋ ಆತು. ಮಷೀನಿನ ಡಬ್ಬಿ ಎತಗೊಂಡು ಬಜಾರದಾಗ ಒಂದು ರಿಪೇರಿ ಅಂಗಡಿಗೆ ಹೋದ್ವಿ. ಅಂಗಡಿಯವನು ಹಲ್ಲಾಗ ಕಡ್ಡಿ ಇಟ್ಕೊಂಡೇ ನೋಡಿದ. ಒಳಗಿದ್ದಿದ್ದೆಲ್ಲಾ ಅಳಿಸಿ ಹೊಸಾದು ತುಂಬ್ತೀನಿ, ಸಂಜಿಗೆ ಬರ್ರಿ ಅಂದ. ಎಲ್ಲಾ ಅಂದ್ರ ಎಲ್ಲಾನೇನು ಅಂತ ಕೇಳಿದೆ. ಎಲ್ಲಾ ಅಂದ್ರ ಎಲ್ಲಾ ಅಂದ. ಡಬ್ಬಿ ಕಸಗೊಂಡು ಹೊರಗ ಬಂದ್ವಿ.

ಆಗ ನನ್ನ ಕಿವಿ ಕೆಲಸಕ್ಕ ಬಂತು. ದೇವದುರ್ಗದಾಗ ನಮ್ಮ ಬೀಗರು ಪಂಪಾಪತಿ ಅವರದು ಝೆರಾಕ್ಸ್ ಅಂಗಡಿ ಅದ. ಆ ಅಂಗಡ್ಯಾಗೂ ಇಂಥಾದೇ ಕಂಪ್ಯೂಟರ್. ಒಂದೇ ದಿನ ತಂದ ಜೋಡಿ ಅವು. ಒಂದು ಅಂಗಡಿಗೆ, ಒಂದು ಮಗಳ ಓದಿಗೆ. ಹಿಂದಕ ಒಮ್ಮೆ ಅವರದು ಕೆಟ್ಟಾಗ ಸೊಸಿ ಫೋನಿನ್ಯಾಗ, "ಅಪ್ಪಾ, ಇದರಾಗಿಂದ ಅದಕ್ಕ ಹಾಕ್ಕೊಂಡ್ರ ಆತು" ಅಂದಿದ್ದು ನಾನು ಅಡಿಗಿ ಮನ್ಯಾಗಿಂದ ಕೇಳಿದ್ದೆ. ನಮ್ಮ ಮನ್ಯಾಗ ಹೆಪ್ಪು ತೀರಿದ್ರ ಬಾಜೂ ಮನಿ ವೆಂಕಮ್ಮನ ಹತ್ತಿರ ಒಂದು ಚಮಚ ತರ್ತೀವಿ. ಇದೂ ಅಷ್ಟೇ.

"ಫೋನ್ ಮಾಡಿ ಹೋಗೋಣೇನು?" ಅಂದ್ರು ಯಜಮಾನರು.

"ಮಾಡಿದ್ರ ಬೀಗತಿ ಎತ್ತತಾಳ. ಬೀಗತಿ ಎತ್ತಿದ್ರ ಮಗಳಿಗೆ ಮುಟ್ಟತದ. ಸುಮ್ಮನ ಬರ್ರಿ."

ಬಿಸಲಿಗೆ ತಗಡು ಕಾಯ್ದು ಕೈ ಸುಡ್ತಿತ್ತು. ಮನಿಗೆ ಹೋಗಿ, ಕೈಗೆ ಸಿಕ್ಕ ಒಂದು ಕೌದಿ ಸುತ್ತಿದೆ. ದೇವದುರ್ಗದ ಮ್ಯಾಲ ಹೋಗೋ ಜಾಲಹಳ್ಳಿ ಬಸ್ ಸಿಕ್ಕಿತು. ಗುದ್ದು ಬಿದ್ರ ಕಡೀ ಭಾಗ ಒಡದು ಹೋದೀತು ಅಂತ ತೊಡಿಮ್ಯಾಲ ಅವಚಿಕೊಂಡು ಕುಂತೆ. ಬಾಜೂಕ ಕುಂತ ಮುದುಕಿ ತನ್ನ ಸೆರಗಿನಿಂದ ಗಾಳಿ ಹಾಕ್ತಾ, ಕೂಸಿಗೆ ಉಸಿರು ಕಟ್ಟೀತು ಯವ್ವಾ, ಮುಖ ತಗಿ, ಎಷ್ಟು ತಿಂಗಳದ್ದು ಅಂತ ಕೇಳಿದ್ಳು. ಹದಿನೈದು ವರ್ಷದ್ದು ಅಂದೆ. ಮುಂದಿನ ಸ್ಟಾಪಿಗೆ ಆಕಿ ಬ್ಯಾರೆ ಸೀಟಿಗೆ ಹೋದ್ಳು.

ದೇವದುರ್ಗದಾಗ ಬೀಗರು ಅಂಗಡ್ಯಾಗ ಇದ್ದಿದ್ದಿಲ್ಲ. ಮನಿಗೆ ಹೋದ್ವಿ. ಬೀಗತಿ ಸುಮಂಗಲಾ ನಕ್ಕೋತ ಬಾಗಿಲು ತಗದ್ಳು. ನಮ್ಮಿಬ್ಬರನ್ನ ನೋಡಿದ್ಳು. ಹಿಂದ ಮಗಳು ಬಂದಾಳೇನು ಅಂತ ಇಣಕಿದ್ಳು. ಯಾರೂ ಇಲ್ಲ. ಕೌದಿ ನೋಡಿದ್ಳು. ಆಗಷ್ಟೇ ನನಗೂ ಕಂಡಿತು, ಅದು ಆಕಿನೇ ಕೈಯಾರೆ ಹೊಲದು ಮಗಳಿಗೆ ಕೊಟ್ಟ ಕೌದಿ. ನಾನು ಪಡಸಾಲ್ಯಾಗ ಕುಂತು ಕೌದಿ ಬಿಚ್ಚಿದೆ. ಒಳಗಿಂದ ಆಕಿ ಮಗಳಿಗೆ ಕೊಟ್ಟ ಕಂಪ್ಯೂಟರ್ ಹೊರಗ ಬಂತು. ಬೀಗತಿ ನೀರು ಕೊಟ್ಟು ಒಳಗ ಹೋದ್ಳು.

ಸ್ವಲ್ಪ ಹೊತ್ತಿಗೆ ಬೀಗರು ಬಂದ್ರು. ಅವರ ಬೆನ್ನಿಗೆ ಕೇರಿಯ ಹಿರೇರು. ಅವರ ಬೆನ್ನಿಗೆ, ಮದುವಿ ಮಾತುಕತಿಗೆ ನಡಕ ಕುಂತಿದ್ದ ಶಾಮೀದಸಾಬ. ಎಲ್ಲರೂ ಗೋಡಿಗುಂಟ ಕುಂತ್ರು. ಕಂಪ್ಯೂಟರ್ ನಡಕ ಇತ್ತು. ಎಲ್ಲರೂ ಅದನ್ನೇ ನೋಡಾಕತ್ತಿದ್ರು.

"ನೋಡ್ಲೇ, ಎಷ್ಟು ಮಂದಿ ಮೆಕ್ಯಾನಿಕ್ ಕರ್ಕೊಂಡು ಬಂದಾರ" ಅಂತ ಯಜಮಾನರು ನನ್ನ ಕಿವ್ಯಾಗ ಅಂದ್ರು.

ನನಗೂ ಹಂಗೇ ಅನ್ನಿಸಿತು. ಬೀಗರಂದ್ರ ಇಂಥಾವರು ಇರಬೇಕು ಅಂದ್ಕೊಂಡೆ.

ಶಾಮೀದಸಾಬ ಗಡ್ಡ ನೀವಿಕೊಂಡು ಬಾಯಿ ತಗದ. "ಪಕೀರಪ್ಪಣ್ಣ, ಮಾಲು ತಂದು ಇಟ್ಟೀರಿ, ನೋಡಿದ್ವಿ. ಹುಡುಗಿ ಎಲ್ಲಿ?"

"ಯಾವ ಹುಡುಗಿ?" ಅಂದ್ರು ನಮ್ಮ ಯಜಮಾನರು.

ಒಳಗಿಂದ ಬೀಗತಿ ಜೋರಾಗಿ ಅತ್ತಳು. ಆ ಅಳು ಕೇಳಿದ ಮ್ಯಾಲ ನನಗ ತಿಳೀತು. ಕೇಳೋ ಕಿವಿ ಇದ್ದು, ನೋಡೋ ಕಣ್ಣು ಇದ್ದಿದ್ದಿಲ್ಲ. ನಮ್ಮ ಕಡೆ ಸೊಸಿ ಬ್ಯಾಡ ಅಂತ ಬಾಯಿ ಬಿಟ್ಟು ಯಾರೂ ಹೇಳಂಗಿಲ್ಲ. ಆಕಿ ತವರಿನಿಂದ ತಂದ ಸಾಮಾನು ತಿರುಗಿ ತವರಿನ ಪಡಸಾಲ್ಯಾಗ ಇಳಿಸ್ತಾರ, ಅಷ್ಟೇ. ಕರೀಲಾರದ, ಫೋನ್ ಮಾಡಲಾರದ, ಮಗಳನ್ನ ಬಿಟ್ಟು, ಗಂಡ ಹೆಂಡತಿ ಇಬ್ಬರೂ ಬಂದು, ತವರಿನ ಕೌದ್ಯಾಗ ತವರಿನ ಸಾಮಾನು ಕಟ್ಟಿ ಇಳಿಸಿದ್ವಿ. ಅದಕ್ಕಿಂತ ಕಾಯಿದೇ ಪ್ರಕಾರ ಸೊಸೀನ ಬಿಡಾಕ ಯಾರಿಂದಲೂ ಆಗಂಗಿಲ್ಲ.

ಎದ್ದು ಒಳಗ ಹೋದೆ. ಬೀಗತಿ ಕೈ ಹಿಡಕೊಂಡು ಎಲ್ಲಾ ಹೇಳಿದೆ. ಒರಸಿದ್ದು, ಎನ್. ಟಿ. ಗುಮಾಸ್ತ, ಕಸದ ಬುಟ್ಟಿ. ಮಗಳಿಗೆ ಮಾತ್ರ ಹೇಳಬ್ಯಾಡವ್ವ, ನಿನ್ನ ಕಾಲಿಗೆ ಬೀಳ್ತೀನಿ ಅಂದೆ. ಆಕಿ ಮೂಗು ಒರಸಿಕೊಂಡು ಅಂದ್ಳು: "ಆಗಳೇ ಫೋನ್ ಮಾಡೀನಿ ಅಕ್ಕಾರ. ನಿನ್ನ ಸಾಮಾನು ವಾಪಸ್ ಬಂದಾವ ಅಂದೀನಿ. ಕಲಬುರಗಿಯಿಂದ ಸೀದಾ ಇಲ್ಲಿಗೇ ಬಸ್ ಹತ್ಯಾಳ." ಮತ್ತ ಫೋನ್ ಹಚ್ಚಿದ್ವಿ, ಹತ್ತಲಿಲ್ಲ.

ಪಡಸಾಲ್ಯಾಗ ಹಿರೇರಿಗೆ ವಿಷಯ ತಿಳಿದ ಮ್ಯಾಲ ಯಾರೂ ನಗಲಿಲ್ಲ. ನಕ್ಕಿದ್ರ ಛಲೋ ಇತ್ತು. ಬೀಗರು ಒಂದು ಸಲ ನಮ್ಮ ಯಜಮಾನರನ್ನ ಮ್ಯಾಲಿಂದ ಕೆಳಗಿನತನಕ ನೋಡಿ, ಡಬ್ಬಿ ಎತಗೊಂಡು ಅಂಗಡಿಗೆ ನಡದ್ರು. ಹಿರೇರೂ ಹಿಂದ ನಡದ್ರು. ಬೀಗರು ನಮ್ಮ ಡಬ್ಬಿ ಒಳಗಿಂದು ಒಂದು ಇಟ್ಟಂಗಿಯಂಥಾದ್ದು ಬಿಚ್ಚಿ, ಅಂಗಡಿ ಮಷೀನಿಗೆ ಕೂಡಿಸಿ, ಅದರ ಫೈಲು ಇದಕ್ಕ ಹಾಕಿದ್ರು. ಒಂದು ಕಪ್ ಚಾ ಕುಡಿಯೋ ಅಷ್ಟು ಹೊತ್ತಿನ ಕೆಲಸ. ಮತ್ತ ಜೋಡಿಸಿ ಚಾಲೂ ಮಾಡಿದ್ರ, ಮುಂಜಾನಿ ಸತ್ತಿದ್ದ ಮಷೀನ್ ಏನೂ ಆಗೇ ಇಲ್ಲ ಅನ್ನೋಹಂಗ ಹಾಡು ಹಾಡಿ ಎದ್ದು ಕುಂತಿತು. ಆದ್ರ ಕಡೀ ಭಾಗ ಅದ ಇಲ್ಲ ಅನ್ನೋದು ವಿಶಾಖಾನೇ ಬಂದು ಹೇಳಬೇಕಿತ್ತು. ಅದಕ್ಕ ಯಾವ ಹೆಸರು ಇಟ್ಟಾಳ ಅನ್ನೋದು ನಮಗ್ಯಾರಿಗೂ ಗೊತ್ತಿಲ್ಲ. ಹುಡುಕೋಣು ಅಂತ ಯಜಮಾನರು ಕೈ ಚಾಚಿದ್ರು. ನಾಕೂ ಕಡೆಯಿಂದ ನಾಕು ಕೈ ಬಂದು ಅವರ ಕೈ ಹಿಡದ್ವು.

ಸಂಜೀಮುಂದ ಸೊಸಿ ಬಂದ್ಳು. ಅತ್ತು ಅತ್ತು ಕಣ್ಣು ಬಾತಿದ್ವು. ಅಂಗಡಿ ತುಂಬ ಹಿರೇರನ್ನ ನೋಡಿ ಬಾಗಿಲ್ದಾಗೇ ನಿಂತು, ನಾನೇನು ತಪ್ಪು ಮಾಡೀನಿ ಅತ್ತಿ ಅಂತ ಕೇಳಿದ್ಳು. ನೀನಲ್ಲ, ನಾವು ಮಾಡೀವಿ ಅಂತ ಶುರು ಮಾಡಿದೆ. ಎನ್. ಟಿ. ಗುಮಾಸ್ತ ಅನ್ನೋತನಕ ಆಕಿ ನಿಂತಿದ್ಳು. ಕಸದ ಬುಟ್ಟಿ ಅನ್ನೋದ್ರಾಗ ಓಡಿ ಹೋಗಿ ಮಷೀನಿನ ಮುಂದ ಕುಂತಿದ್ಳು. ಒಂದೊಂದೇ ಫೈಲು ತಗದು ಹುಡುಕಾಕ ಹತ್ತಿದ್ಳು.

ಸಿಕ್ಕಿತು. ಅಕ್ಷರ ಅಳಿದಿದ್ದಿಲ್ಲ, ನನ್ನ ಹಾಡೂ ಒಳಗಿತ್ತು. ಶಾಮೀದಸಾಬ ಅಲ್ಲಾನ ನೆನಸಿದ. ಯಜಮಾನರು ಕುರ್ಚಿ ಮ್ಯಾಲ ಕುಸದ್ರು. ನಾನು ಕೌದಿ ಮಡಚಾಕ ಹತ್ತಿದೆ, ಕಡೀ ಬಸ್ಸಿಗೆ ಮೂವರೂ ಹೊಂಟು ಬಿಡೋಣು ಅಂತ.

"ನೀವು ಹೋಗ್ರಿ ಅತ್ತಿ" ಅಂದ್ಳು ಸೊಸಿ. ತಿರುಗಿ ಸೈತ ನೋಡಲಿಲ್ಲ. "ಪ್ರಬಂಧ ಮುಗಿಯೋತನಕ ನಾನು ಇಲ್ಲೇ ಇರ್ತೀನಿ. ಮಷೀನೂ ಇಲ್ಲೇ ಇರ್ತದ."

ನಾನು ಶಾಮೀದಸಾಬನ ಕಡೆ ನೋಡಿದೆ. ನಡಕ ಕುಂತ ಮನಿಶಾ, ನಮ್ಮ ಪರ ಒಂದು ಮಾತು ಆಡ್ತಾನ ಅಂತ. ಅವನು ಹಿರೇರ ಜೋಡಿ ಪಿಸುಪಿಸು ಮಾತಾಡಿ, ಪಂಚಾಯ್ತಿಗೆ ಅಂತ ಕೂಡಿದ ಮ್ಯಾಲ ತೀರ್ಪು ಇಲ್ಲದ ಏಳೋದು ಪದ್ಧತಿ ಅಲ್ಲ ಅಂದ. ಸಾಮಾನು ಇಳಿಸಿದ್ದು ಇಳಿಸಿದ್ದೇ. ಕೆಲಸ ಮುಗಿದ ಮ್ಯಾಲ ಅತ್ತಿ ಮಾವ ಸೀರಿ ಕುಬಸ ತಂದು, ಹಿರೇರ ಮುಂದ ಮರ್ಯಾದಿಲೆ ಕರ್ಕೊಂಡು ಹೋಗಬೇಕು. ಎಲ್ಲಾರೂ ಹೂಂ ಅಂದ್ರು. ನಮ್ಮ ಯಜಮಾನರೂ ಹೂಂ ಅಂದ್ರು, ಆಫೀಸಿನ ಚಾಳಿ.

ರಾಯಚೂರಿಗೆ ನಾವಿಬ್ಬರೇ ಬಂದ್ವಿ. ಮುಂಜಾನಿ ಏನೋ ಅವಚಿಕೊಂಡು ಹೋದವರು ಖಾಲಿ ಕೌದಿ ಹೊತ್ತು ಬಂದಿದ್ದನ್ನ ವೆಂಕಮ್ಮ ತನ್ನ ಬಾಗಿಲ್ದಾಗಿಂದ ನೋಡಿದ್ಳು. ಸೊಸಿ ಎಲ್ಲಿ ಅಂದ್ಳು. ತವರಿಗೆ ಹೋಗ್ಯಾಳ ಅಂದೆ. ಜಯಂತಿ ಮುಂದಿಟ್ಕೊಂಡು? ಅಂದ್ಳು. ಆಮ್ಯಾಲ ಓಣಿಗೆ ನಾನು ಏನೂ ಹೇಳೋ ಕೆಲಸ ಬೀಳಲಿಲ್ಲ. ಅಂಬರೀಶ ನಡದದ್ದೆಲ್ಲಾ ಕೇಳಿದ, ಮರುದಿನ ಮುಂಜಾನಿ ತನ್ನ ಎರಡು ಅಂಗಿ ಚೀಲದಾಗ ತುಂಬಿಕೊಂಡ. ದೇವದುರ್ಗದಿಂದಾನೇ ಮಾನ್ವಿಗೆ ಬಸ್ ಅದಾವ ಅಂದು ಹೋದ. ಥಳಥಳ ಹೊಳೆಯೋ ಮನ್ಯಾಗ ಜಯಂತಿ ದಿನ ನಾವಿಬ್ಬರು ಮುದುಕ್ರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋಳಿಗಿ ತಿಂದ್ವಿ.

ಪ್ರಬಂಧ ಒಪ್ಪಿಸಿದ ಸುದ್ದಿ ಬಂದ ಮ್ಯಾಲ ಸೀರಿ, ಕುಬಸ, ಹೂವು, ಹಣ್ಣು ತಗೊಂಡು ದೇವದುರ್ಗಕ್ಕ ಹೋದ್ವಿ. ಹಿರೇರು ಗೋಡಿಗುಂಟ ಕುಂತ್ರು. ತಪ್ಪಾತು, ಮಗಳನ್ನ ಕಳಿಸ್ರಿ ಅಂತ ಕೇಳಿದ್ವಿ. ವಿಶಾಖಾ ನನ್ನ ನೋಡಿ ನಕ್ಕಳು. ಪ್ರಬಂಧದಾಗ ನನ್ನ ಹೆಸರು ಅಚ್ಚಾಗಿದ್ದನ್ನ ಬೆರಳಿಟ್ಟು ತೋರಿಸಿದ್ಳು. ನನಗ ಜೀವ ಬಂತು. ಬೀಗತಿ ಸುಮಂಗಲಾ ಮಗಳ ಉಡಿ ತುಂಬಿ, ಆಕಿ ಕೈ ತಂದು ನನ್ನ ಕೈಯಾಗ ಇಟ್ಟಳು. ಇನ್ನೇನು ಎಲ್ಲಾ ಸುಸೂತ್ರ ಆತು ಅಂತ ನಾನು ಧೈರ್ಯ ಮಾಡಿ, ಹಂಗಾದ್ರ ಕಂಪ್ಯೂಟರ್ ಕಟ್ಟಿ ಕೊಡ್ರಿ ಅಂದೆ.

ಬೀಗತಿ ಹಿರೇರ ಮುಂದ, ಸೆರಗು ಸರಿ ಮಾಡ್ಕೊಂಡು, ಭಾಳ ಮರ್ಯಾದಿಲೆ ಹೇಳಿದ್ಳು:

"ಮಗಳನ್ನ ಕರ್ಕೊಂಡು ಹೋಗ್ರಿ ಅಕ್ಕಾರ, ಆಕಿಗೆ ಬಾಯಿ ಅದ, ನಾಳೆ ಏನರ ಆದ್ರ ತಿರುಗಿ ಮಾತಾಡ್ತಾಳ. ಅದು ಮೂಕ ಪ್ರಾಣಿ. ನಿಮ್ಮ ಮನಿಗೆ ಕಳಸಾಕ ನನ್ನ ಜೀವ ಒಪ್ಪವಲ್ದು."