ಪರೀಕ್ಷೆಯ ಕೋಣೆಗೆ ಬೆಲ್ಲ ನೀರು

ನಮ್ಮ ಕಡೆಯ ಮನೆಗಳಲ್ಲಿ ಒಳಕೋಣೆಯ ಬಾಗಿಲಿಗೆ ಚಿಲಕ ಇಡುವುದು ಬಡಗಿಯ ಸಮಾಧಾನಕ್ಕೇ ಹೊರತು ಹಾಕಿಕೊಳ್ಳುವುದಕ್ಕಲ್ಲ ಎಂಬುದು ನನ್ನ ಅಭಿಪ್ರಾಯ. ಹಗಲು ಹೊತ್ತಿನಲ್ಲಿ ಯಾರಾದರೂ ಕೋಣೆಯ ಬಾಗಿಲು ಹಾಕಿಕೊಂಡರೆ ಅದಕ್ಕೆ ಎರಡೇ ಅರ್ಥ. ಒಂದೋ ಜ್ವರ, ಇಲ್ಲವೇ ಜಗಳ. ಜ್ವರವಾದರೆ ಗಂಜಿ ಹಿಡಿದುಕೊಂಡು ಬರುತ್ತಾರೆ, ಜಗಳವಾದರೆ ಬುದ್ಧಿ ಹೇಳಲು ಬರುತ್ತಾರೆ. ಅಂತೂ ಬಾಗಿಲು ಹಾಕಿದ ಕೋಣೆಗೇ ಜನ ಹೆಚ್ಚು. ಇದೊಂದೂ ಗೊತ್ತಿಲ್ಲದ ಯಾರೋ ಪುಣ್ಯಾತ್ಮರು ಮನೆಯಲ್ಲೇ ಕುಳಿತು ಬರೆಯುವ ಆನ್‌ಲೈನ್ ಪರೀಕ್ಷೆಯನ್ನು ಕಂಡುಹಿಡಿದರು. ಪುಂಜಾಲಕಟ್ಟೆಯ ಸುಜಾತ ಎಂಬ ನಾನು, ನಲವತ್ತು ದಾಟಿದ ಮೇಲೆ, ಹೋಗಿ ಹೋಗಿ ಅದಕ್ಕೇ ಹೆಸರು ಕೊಟ್ಟೆ.

ಯಾಕೆ ಕೊಟ್ಟೆ ಎಂದು ಹೇಳಬೇಕು. ಪಾಣೆಮಂಗಳೂರಿನಲ್ಲಿ ನಾನು ಕೆಲಸ ಮಾಡುವ ಕಚೇರಿ ಹೊರದೇಶದ ಸಣ್ಣ ಕಂಪೆನಿಗಳ ಲೆಕ್ಕಪತ್ರ ನೋಡಿಕೊಳ್ಳುತ್ತದೆ. ಪ್ರತಿ ವರದಿಯ ಕೊನೆಯಲ್ಲಿ ‘ತಯಾರಿಸಿದವರು’, ‘ಪರಿಶೀಲಿಸಿದವರು’ ಎಂದು ಎರಡು ಜಾಗ ಇರುತ್ತದೆ. ಎಷ್ಟೋ ವರ್ಷಗಳಿಂದ ನನ್ನ ಹೆಸರು ಮೊದಲನೆಯ ಜಾಗದಲ್ಲೇ ಬೇರು ಬಿಟ್ಟು ಕುಳಿತಿದೆ. ಎರಡನೆಯದು ಪ್ರಮಾಣಪತ್ರ ಪಡೆದ ಅಕೌಂಟೆಂಟರಿಗೆ ಮೀಸಲು. ಕಳೆದ ವರ್ಷ ಅಲ್ಲಿ ಬಂದು ಕುಳಿತವಳು ರಮ್ಲತ್. ಒಳ್ಳೆಯ ಹುಡುಗಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಕೆಲಸ ಕಲಿತವಳು. “ಅಕ್ಕಾ, ನಿಮ್ಮದು ಚೆಕ್ ಮಾಡ್ಲಿಕ್ಕೆ ನನಗೆ ಒಂಥರಾ ಆಗ್ತದೆ. ನೀವೂ ಪರೀಕ್ಷೆ ಕಟ್ಟಿ ಅಲ್ವಾ?” ಎಂದಳು. ಅವಳ ಮೇಲೆ ಅಭಿಮಾನ ಬಂತು, ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು. ಆ ಎರಡನೆಯ ಜಾಗದಲ್ಲಿ ನನ್ನ ಹೆಸರು ಬರಲೇಬೇಕು ಎಂದು ಅವತ್ತೇ ಹಟ ಹಿಡಿದೆ.

ಆದರೆ ಆ ಪ್ರಮಾಣಪತ್ರ ಕೊಡುವ ಹೊರದೇಶದ ದೊಡ್ಡ ಪರೀಕ್ಷೆಗೆ ಕೂರುವುದಕ್ಕೇ ಬೇರೆ ಅರ್ಹತೆ ಬೇಕಂತೆ. ಮೂಡುಬಿದಿರೆಯ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಸಂಪಾದಿಸಿದ ನನ್ನ ಬಿ.ಕಾಂ. ಪದವಿಯನ್ನು ಹೊರದೇಶದವರು ಅಳೆದು ನೋಡಿ, ಗಿಡ್ಡವಾಯಿತು ಎಂದರು. ದರ್ಜಿ ಹೊಲಿದು ಕೊಟ್ಟ ಲಂಗ ಮೊಣಕಾಲಿಗೇ ನಿಂತ ಹಾಗೆ. ಉಳಿದ ಉದ್ದಕ್ಕೆ ಇನ್ನಷ್ಟು ವಿಷಯಗಳನ್ನು ಆನ್‌ಲೈನಿನಲ್ಲಿ ಓದಿ ಪಾಸು ಮಾಡಿ ಅಂಚು ಕಟ್ಟಬೇಕು. ಕಟ್ಟಿಯೇ ಸಿದ್ಧ ಎಂದು ಹೊರಟೆ. ಮೂಡುಬಿದಿರೆಯಲ್ಲಿ ನಮ್ಮ ಮೇಷ್ಟ್ರು ಪಾಠವನ್ನು ಅಲ್ಪವಿರಾಮ ಸಮೇತ ಹೇಳಿ ಬರೆಸುತ್ತಿದ್ದರು. ನಾವು ಒಂದು ಸಾಲು ಹಿಂದೆ ಬಿದ್ದರೆ ಅದು ಜನ್ಮಕ್ಕೂ ಸಿಗುತ್ತಿರಲಿಲ್ಲ. ಆನ್‌ಲೈನಿನ ಮೇಷ್ಟ್ರು ಹಾಗಲ್ಲ. ಅವರನ್ನು ನಡುವೆ ನಿಲ್ಲಿಸಿ, ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರಬಹುದು. ಅಷ್ಟು ಹೊತ್ತೂ ತೆರೆದ ಬಾಯಿ ತೆರೆದೇ ಇಟ್ಟುಕೊಂಡು ಕಾಯುತ್ತಾರೆ, ಪಾಪ. ನಮ್ಮ ಮನೆಯವರದು ಪುಂಜಾಲಕಟ್ಟೆ ಪೇಟೆಯಲ್ಲಿ ಸಣ್ಣ ಹೋಟೆಲು, ಅದರ ಹಿಂದೆಯೇ ನಮ್ಮ ಮನೆ. “ಕಲಿ ಮಾರಾಯ್ತಿ, ನಾನು ಬೇಡ ಹೇಳ್ತೇನಾ? ಹೋಟೆಲಿನ ಜಿಎಸ್‌ಟಿ ಒಂದು ಮರೆಯಬೇಡ” ಎಂದು ಅವರು ಅಪ್ಪಣೆ ಕೊಟ್ಟರು.

ಇನ್ನು ನಮ್ಮ ಅತ್ತೆ. ಮನೆಗೆ ಬಂದವರು ಯಾರೇ ಇರಲಿ, ಅವರ ಕೈಗೆ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಕೊಡದೆ ಅತ್ತೆ ಮಾತು ಆರಂಭಿಸಿದ್ದನ್ನು ನಾನು ಕಂಡಿಲ್ಲ. ಕರೆಂಟಿನ ಮೀಟರು ನೋಡಲು ಬಂದವರು, ಕೊರಿಯರ್ ತಂದವರು, ವಿಳಾಸ ತಪ್ಪಿ ಅಂಗಳಕ್ಕೆ ಕಾಲಿಟ್ಟವರು, ಎಲ್ಲರೂ ಅವರ ಬೆಲ್ಲ ತಿಂದವರೇ. ಒಮ್ಮೆ ಹೋಟೆಲಿನ ಮೇಲೆ ದೂರು ಹೇಳಲು ಸಿಟ್ಟಿನಿಂದ ಬಂದ ಗಿರಾಕಿ ಬೆಲ್ಲ ನೀರು ಕುಡಿದು, ಬಂದ ವಿಷಯವನ್ನೇ ಬಿಟ್ಟು ಅತ್ತೆಯ ಮಂಡಿನೋವಿಗೆ ಎಣ್ಣೆ ಹೇಳಿ ಹೋದ.

ಒಂದೊಂದಾಗಿ ಎಲ್ಲ ವಿಷಯಗಳೂ ಮುಗಿದು ಕೊನೆಗೆ ಉಳಿದದ್ದು ‘ಲೆಕ್ಕಿಗರ ನೀತಿ ಸಂಹಿತೆ’. ಭಾನುವಾರ ಮಧ್ಯಾಹ್ನ ಪರೀಕ್ಷೆ. ಎಲ್ಲೋ ದೂರದಲ್ಲಿ ಕುಳಿತ ಮೇಲ್ವಿಚಾರಕರೊಬ್ಬರು ಕ್ಯಾಮೆರಾದಲ್ಲಿ ನನ್ನನ್ನು ನೋಡುತ್ತಲೇ ಇರುತ್ತಾರೆ. ಇಯರ್‌ಫೋನ್ ಹಾಕುವಂತಿಲ್ಲ, ಕೋಣೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಇಟ್ಟರೆ ಪರೀಕ್ಷೆ ರದ್ದು. ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ. “ನಾನು ಯಾಕೆ ಬರ್ತೇನೆ? ನನಗೆ ಅಲ್ಲಿ ಎಂತ ಕೆಲಸ ಉಂಟು?” ಎಂದರು. ಬಣ್ಣ ಕುಡಿದು ಅಂಟಿಹೋಗಿದ್ದ ಚಿಲಕ ಜಗ್ಗಲಿಲ್ಲವಾದ್ದರಿಂದ ಬಾಗಿಲನ್ನು ಮುಂದೆ ಮಾಡಿ ಕುಳಿತೆ.

ಪರೀಕ್ಷೆ ಚೆನ್ನಾಗಿಯೇ ಸಾಗುತ್ತಿತ್ತು. ಲೆಕ್ಕ ತಪಾಸಣೆಗೆ ಹೋದವರು ಕಕ್ಷಿದಾರರ ಉಪಚಾರವನ್ನು ಸ್ವೀಕರಿಸಬಹುದೇ ಎಂಬ ಪ್ರಶ್ನೆ ಬಂತು. ಕೂಡದು ಎಂದು ಗುರುತು ಹಾಕಲು ಬಗ್ಗಿದೆ. ಬಗ್ಗಿದಾಗ ಮುಖ ಕ್ಯಾಮೆರಾದಿಂದ ಜಾರಿತು. ನೇರ ಕುಳಿತುಕೊಳ್ಳಿ ಮೇಡಂ ಎಂದು ಮೇಲ್ವಿಚಾರಕರು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಲ್ಯಾಪ್‌ಟಾಪಿನಿಂದ ಹೊರಟ ಆ ಗಂಡು ಧ್ವನಿ ಚಾವಡಿಯಲ್ಲಿದ್ದ ಅತ್ತೆಗೆ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಬಾಗಿಲು ತೆರೆಯಿತು. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಬೆಲ್ಲದ ತಟ್ಟೆ.

“ಯಾರು ಬಂದದ್ದು ಸುಜಾತಾ? ಆಸರಿಗೆ ನೀರು ಸಹ ಕೊಡದೆ ಕೂತ್ಕೊಳ್ಳಿಸಿದ್ದೀಯಲ್ಲ!”

ಪರದೆ ಕೆಂಪಾಯಿತು. ಪರೀಕ್ಷೆ ರದ್ದು. ಇನ್ನೊಂದು ಅವಕಾಶ ಕೊಡುತ್ತೇವೆ, ಅದರಲ್ಲೂ ನಿಯಮ ಮುರಿದರೆ ಒಂದು ವರ್ಷ ಈ ಕಡೆ ತಲೆ ಹಾಕುವಂತಿಲ್ಲ ಎಂದು ಬರೆದಿತ್ತು. ನನಗೆ ಅಳುವೇ ಬಂತು. ಅಳುವನ್ನು ತಡೆಯಲು ಅತ್ತೆಗೆ ಬೈದೆ. ಈ ಬೆಲ್ಲ ನೀರಿನ ಹುಚ್ಚು ನಿಮಗೆ ಯಾವಾಗ ಬಿಡುತ್ತದೆ, ಕಂಡಕಂಡವರ ಬಾಯಾರಿಕೆಯೆಲ್ಲ ನಿಮ್ಮ ತಲೆಯ ಮೇಲೆಯೇ ಉಂಟಾ ಎಂದು ಕೇಳಿದೆ. ಅತ್ತೆ ಚೊಂಬನ್ನು ಮೇಜಿನ ಮೇಲಿಟ್ಟು ಕೇಳಿದರು: “ಬಂದವರಿಗೆ ನೀರು ಕೊಡುದು ತಪ್ಪು ಅಂತ ಯಾವ ಪುಸ್ತಕದಲ್ಲಿ ಬರೆದದ್ದು ಉಂಟು?” ನನ್ನ ಪುಸ್ತಕದ ಐದನೆಯ ಅಧ್ಯಾಯದಲ್ಲಿಯೇ ಉಂಟು ಎನ್ನಬೇಕೆಂದಿದ್ದೆ. ಅವರ ಮುಖ ನೋಡಿ ಲ್ಯಾಪ್‌ಟಾಪು ಮುಚ್ಚಿಟ್ಟೆ. ಅವತ್ತು ಅವರು ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ದೋಸೆ ಮಗುಚುತ್ತಾ, “ನೀನು ಪುನಃ ಕೂತ್ಕೋ. ಈ ಸಲ ಯಾರು ಒಳಗೆ ಬರ್ತಾರೆ ನಾನು ನೋಡ್ತೇನೆ” ಎಂದರು. ಹಟದಲ್ಲಿ ಅವರು ನನಗಿಂತ ಒಂದು ಕೈ ಮೇಲು ಎಂದು ಆಗ ತಿಳಿಯಿತು.

ಎರಡನೆಯ ಸಲ ಮನೆಗೆ ಮನೆಯೇ ಪರೀಕ್ಷೆಗೆ ಕುಳಿತಿತ್ತು. ಹೋಟೆಲಿನ ಗ್ರೈಂಡರಿಗೆ ರಜೆ. ಬಡಗಿ ಬಂದು ಚಿಲಕ ಬಿಡಿಸಿ, ಬೆಲ್ಲ ನೀರು ಕುಡಿದು ಹೋಗಿದ್ದ. ಅತ್ತೆ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕುರ್ಚಿ ಹಾಕಿ ಕುಳಿತರು. ಮುಚ್ಚಿದ ಬಾಗಿಲು ಕಂಡು ಪಕ್ಕದ ಮನೆಯ ವಾರಿಜಕ್ಕ, “ದಾನೆ ಆಂಡ್, ಎಂತ ಆಯ್ತು? ಸುಜಾತನಿಗೆ ಜ್ವರವಾ?” ಎಂದು ಬಂದರಂತೆ. ಅತ್ತೆ ಬಾಯಿಯ ಮೇಲೆ ಬೆರಳಿಟ್ಟು, ಅವರನ್ನು ಅಂಗಳಕ್ಕೆ ಕರೆದೊಯ್ದು, ಅಲ್ಲೇ ಬೆಲ್ಲ ನೀರು ಕೊಟ್ಟು ಕಳುಹಿಸಿದರಂತೆ.

ಒಳಗೆ ನಾನು ಕಲ್ಲಿನ ಹಾಗೆ ನೇರ ಕುಳಿತು ಬರೆಯುತ್ತಿದ್ದೆ. ಕಷ್ಟವಾದದ್ದು ಪ್ರಶ್ನೆಗಳಲ್ಲ, ಮೇಲ್ವಿಚಾರಕರ ಕೆಮ್ಮು. ಬಾಯಿ ಒಣಗಿದ ಕೆಮ್ಮು. ನಿಂತಿತು ಎನ್ನುವಾಗ ಮತ್ತೆ ಶುರು. ಎಲ್ಲಿ ಕುಳಿತಿದ್ದಾರೋ, ಯಾರ ಮನೆಯ ಮಗನೋ, ಒಂದು ಲೋಟ ನೀರು ಕೊಡುವವರು ಹತ್ತಿರ ಇಲ್ಲವೋ ಏನೋ. ತಡೆಯಲು ನೋಡಿದೆ, ಆಗಲಿಲ್ಲ. ತಾಂತ್ರಿಕ ತೊಂದರೆ ಇದ್ದರೆ ಮಾತ್ರ ಉಪಯೋಗಿಸಿ ಎಂದಿದ್ದ ಚೌಕದಲ್ಲಿ, ದಯವಿಟ್ಟು ಸ್ವಲ್ಪ ನೀರು ಕುಡಿಯಿರಿ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿ ಕಳುಹಿಸಿಬಿಟ್ಟೆ.

ಕಳುಹಿಸಿದ ಮೇಲೆ ಚೌಕದ ಮೇಲಿನ ಸೂಚನೆಯನ್ನು ಇನ್ನೊಮ್ಮೆ ಓದಿದೆ. ಆ ಕಡೆ ಕೆಮ್ಮು ನಿಂತಿತು. ಮುಗಿಯಿತು, ಒಂದು ವರ್ಷ ಹೋಯಿತು, ಪರಿಶೀಲಿಸಿದವರ ಜಾಗವೂ ಹೋಯಿತು, ಪರದೆ ಈಗ ಕೆಂಪಾಗುತ್ತದೆ ಎಂದು ಕಾದೆ. ಚೌಕದಲ್ಲಿ ಉತ್ತರ ಮೂಡಿತು: ಥ್ಯಾಂಕ್ಯೂ ಮೇಡಂ, ಕುಡಿದೆ, ನೀವು ಮುಂದುವರಿಸಿ.

ಪರೀಕ್ಷೆ ಮುಗಿದ ಕೂಡಲೇ ಫಲಿತಾಂಶ ಪರದೆಯಲ್ಲೇ ಬಂತು, ಪಾಸಾದೆ. ಅರ್ಹತೆಯ ಲಂಗ ಪಾದ ಮುಟ್ಟಿತು. ದೊಡ್ಡ ಪರೀಕ್ಷೆ ಮುಂದೆ ಉಂಟು, ಅದನ್ನೂ ಬರೆಯುತ್ತೇನೆ, ರಮ್ಲತ್ ಪುಸ್ತಕಗಳನ್ನು ತೆಗೆದಿಟ್ಟಿದ್ದಾಳೆ. ಚಿಲಕ ತೆಗೆದು ಹೊರಗೆ ಬಂದು ಅತ್ತೆಗೆ ಸುದ್ದಿ ಹೇಳಿದೆ. ಸಂತೋಷದಲ್ಲಿ ಬಾಯಿ ತಪ್ಪಿ ಕೆಮ್ಮಿನ ಕತೆಯನ್ನೂ ಹೇಳಿದೆ. ಇನ್ನು ಬೈಗುಳ ಬಡ್ಡಿ ಸಮೇತ ವಾಪಸು ಬರುತ್ತದೆ ಎಂದು ತಲೆ ತಗ್ಗಿಸಿ ನಿಂತೆ. ಅತ್ತೆ ಕುರ್ಚಿಯಿಂದ ಏಳುತ್ತಾ ನನ್ನನ್ನೇ ನೋಡಿದರು.

“ಬರೀ ನೀರಾ?” ಎಂದರು. “ಒಂದು ತುಂಡು ಬೆಲ್ಲ ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?”